ಒಲೆಯ ಬೂದಿಯಿಂದ ಜಾಡಿಗೆ ಮೆರುಗು



ಉಪ್ಪಿನಕಾಯಿ ಜಾಡಿಯ ವಿಷಯ ಈ ಅಂಕಣದಲ್ಲಿ ಬಂದ ಮೇಲೆ ನಿಮ್ಮಲ್ಲಿ ಕೆಲವರು ಹೆಚ್ಚುಕಡಿಮೆ ಒಂದೇ ಮಾತು ಕೇಳಿದ್ದೀರಿ. ಜಾಡಿಯ ಒಳಗೂ ಹೊರಗೂ ಗಾಜಿನ ಹಾಗೆ ಹೊಳೆಯುವ ಲೇಪ ಯಾವುದರದು? ಅದನ್ನು ಒಲೆಯ ಬೂದಿಯಿಂದಲೇ ಮಾಡುತ್ತಾರಂತೆ, ನಿಜವೇ? ನಿಜವಾದರೆ ಸಂತೆಯಿಂದ ತಂದ ಗಡಿಗೆಗೆ ನಾವೇ ಬೂದಿ ಬಳಿದು, ಸುಟ್ಟು, ಹೊಳಪು ಬರಿಸಿಕೊಳ್ಳಬಾರದೇಕೆ?

ಬೂದಿಯಿಂದ ಮೆರುಗು ಮಾಡುತ್ತಾರೆನ್ನುವುದು ನಿಜ. ನಿಮ್ಮ ಅಟ್ಟದ ಮೇಲಿರುವ ಜಾಡಿಗೆ ಬೂದಿಯನ್ನೇ ಹಾಕಿದ್ದಾರೆ ಅಂತಲ್ಲ. ಈಗಿನ ಕಾರ್ಖಾನೆಗಳಲ್ಲಿ ಕಲ್ಲಿನ ಪುಡಿ, ಸುಣ್ಣದ ಪುಡಿ ತೂಗಿ ಬೆರೆಸುತ್ತಾರೆ. ಆದರೆ ಈ ವಿದ್ಯೆ ಹುಟ್ಟಿದ್ದು ಬೂದಿಯಿಂದ. ಇನ್ನು ಸಂತೆಯ ಗಡಿಗೆಗೆ ಬೂದಿ ಬಳಿಯುವ ಮಾತು. ಅದು ಆಗುವುದಿಲ್ಲ ಕಣ್ರೀ. ಯಾಕೆ ಆಗುವುದಿಲ್ಲ ಎಂದು ತಿಳಿದುಕೊಂಡರೆ ಅಂಗಡಿಯಲ್ಲಿ ಯಾವ ಜಾಡಿ ಕೊಳ್ಳಬೇಕು, ಯಾವುದನ್ನು ಮುಟ್ಟಲೂಬಾರದು ಎನ್ನುವುದೂ ತಿಳಿಯುತ್ತದೆ. ಬೂದಿಗಿಂತ ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಅದೇ.

ಮೆರುಗು ಅಂದರೆ ಮಣ್ಣಿನ ಪಾತ್ರೆಯ ಮೇಲೆ ತೆಳ್ಳಗೆ ಕರಗಿ ಕೂತ ಗಾಜು. ಗಾಜಿಗೆ ಮೂಲ ಮರಳಿನಲ್ಲಿರುವ ಸಿಲಿಕಾ. ಅದೊಂದನ್ನೇ ಕರಗಿಸಹೋದರೆ 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಬೆಲ್ಲದ ಉಂಡೆಯನ್ನು ಬರೀ ಬಾಣಲೆಗೆ ಹಾಕಿದರೆ ಕರಗಲು ಮೊಂಡು ಹಿಡಿಯುತ್ತದೆ, ಒಂದು ಸೌಟು ನೀರು ಬಿದ್ದರೆ ಬೇಗ ಪಾಕವಾಗುತ್ತದೆ, ಅಲ್ಲವೇ? ಹಾಗೆ ಸಿಲಿಕಾಕ್ಕೆ ಸುಣ್ಣವೂ ಕ್ಷಾರವೂ ಸೇರಿದರೆ ಕಡಿಮೆ ಶಾಖದಲ್ಲೇ ಕರಗುತ್ತದೆ. ಆದರೆ ಪಾಕ ತೀರಾ ನೀರಾದರೆ ಪಾತ್ರೆಯ ಮೈಮೇಲಿಂದ ಜಾರಿ ಕೆಳಗೆ ಇಳಿದುಹೋಗುತ್ತದೆ. ಅದನ್ನು ತಡೆಯಲು ಜೇಡಿಮಣ್ಣು ಬೇಕು. ತೆಳ್ಳಗಾದ ಗೊಜ್ಜಿಗೆ ನಾವು ಅಕ್ಕಿಹಿಟ್ಟು ಕದಡಿ ಹಾಕಿ ಮಂದ ಮಾಡುವುದಿಲ್ಲವೇ, ಹಾಗೆ. ಸಿಲಿಕಾ, ಸುಣ್ಣ-ಕ್ಷಾರ, ಜೇಡಿ, ಈ ಮೂರು ಹದವಾಗಿ ಕೂಡಿದರೆ ಮೆರುಗು.

ಸೌದೆಯ ಬೂದಿಯಲ್ಲಿ ಹೆಚ್ಚಾಗಿರುವುದು ಸುಣ್ಣದ ಅಂಶ. ಜೊತೆಗೆ ಪೊಟ್ಯಾಶಿಯಮ್ ಎನ್ನುವ ಕ್ಷಾರ, ಸ್ವಲ್ಪ ಮೆಗ್ನೀಶಿಯಮ್, ಸ್ವಲ್ಪ ರಂಜಕ, ಒಂದಿಷ್ಟು ಸಿಲಿಕಾ, ಚಿಟಿಕೆ ಕಬ್ಬಿಣ. ಮರ ತನ್ನ ಬೇರಿನಿಂದ ನೆಲದ ಸಾರ ಎಳೆದುಕೊಂಡು ಬೆಳೆಯುತ್ತದೆ, ಸುಟ್ಟ ಮೇಲೆ ಆ ಸಾರವಷ್ಟೇ ಉಳಿಯುತ್ತದೆ. 100 ಕಿಲೋ ಸೌದೆ ಉರಿಸಿದರೆ ಬೂದಿ ಸಿಕ್ಕುವುದು ಸುಮಾರು 1 ಕಿಲೋ, ಅನೇಕ ವೇಳೆ ಅದಕ್ಕೂ ಕಡಿಮೆ. ದಿನವೂ ಬಚ್ಚಲೊಲೆಯಿಂದ ಮೊರದಲ್ಲಿ ತುಂಬಿ ತಿಪ್ಪೆಗೆ ಚೆಲ್ಲುವ ನಮಗೆ ಅದರ ಬೆಲೆ ಗೊತ್ತಾಗುವುದಿಲ್ಲ.

ಈ ಮೆರುಗನ್ನು ಯಾರೋ ಜಾಣರು ಕೂತು ಕಂಡುಹಿಡಿದದ್ದಲ್ಲ. ಸುಮಾರು 3,500 ವರ್ಷಗಳ ಹಿಂದೆ ಚೀನಾದಲ್ಲಿ ಬಹಳ ಬಿಸಿ ಏರುವ ಆವಿಗೆಗಳಲ್ಲಿ ಸೌದೆ ಹಾಕಿ ಮಡಕೆ ಸುಡುತ್ತಿದ್ದಾಗ, ಗಾಳಿಗೆ ಹಾರಿದ ಬೂದಿ ಮಡಕೆಗಳ ಹೆಗಲ ಮೇಲೆ ಕೂತು, ಮಣ್ಣಿನೊಡನೆ ಕರಗಿ, ಹಸಿರು ಹಸಿರಾಗಿ ಹೊಳೆಯಿತು. ಕುಂಬಾರರು ನೋಡಿದರು. ತಾನಾಗಿ ಬೀಳುವುದನ್ನು ಯಾಕೆ ಕಾಯಬೇಕು, ನಾವೇ ನೀರಿನಲ್ಲಿ ಕಲಸಿ ಬಳಿಯೋಣ ಎಂದು ಹೊರಟರು. ಆಮೇಲೆ ಲಾಂಗ್‌ಚ್ವಾನ್ ಎಂಬ ಊರಿನ ಕಡೆ ಎಳೆ ಹಸಿರಿನ ಪಾತ್ರೆಗಳು ದೇಶದೇಶಕ್ಕೆ ಹಡಗಿನಲ್ಲಿ ಹೋಗುವ ಮಟ್ಟಕ್ಕೆ ಈ ವಿದ್ಯೆ ಬೆಳೆಯಿತು. ಜಪಾನಿನಲ್ಲಿ ಬಿಜೆನ್, ಶಿಗರಾಕಿ ಎಂಬಲ್ಲಿ ಇವತ್ತಿಗೂ ಕೆಲವರು ಏನನ್ನೂ ಬಳಿಯದೆ, ಆವಿಗೆಗೆ ದಿನಗಟ್ಟಲೆ ಸೌದೆ ಉಣಿಸಿ, ಬೂದಿ ಎಲ್ಲಿ ಬೀಳುತ್ತದೋ ಅಲ್ಲೇ ಮೆರುಗು ಎಂದು ಬಿಟ್ಟುಬಿಡುತ್ತಾರೆ. ಒಂದೊಂದು ಪಾತ್ರೆಯೂ ಒಂದೊಂದು ತರಹ.

ಚೀನಾದ ಜಿಂಗ್‌ಡೆಜೆನ್ ಪಿಂಗಾಣಿಗೆ ಹೆಸರಾದ ಪಟ್ಟಣ. ಅಲ್ಲಿ ಬೂದಿ ಮಾಡುವ ಕ್ರಮವೇ ಬೇರೆ. ಸುಣ್ಣಕಲ್ಲನ್ನೂ ಜರೀಗಿಡವನ್ನೂ ಪದರ ಪದರವಾಗಿ ಒಟ್ಟಿ ಸುಡುವುದು, ಮತ್ತೆ ಜರೀಗಿಡ ಹಾಕಿ ಸುಡುವುದು, ಹೀಗೆ ಹಲವು ಸಲ. ಆ ಬೂದಿಯನ್ನು ನೀರಿನಲ್ಲಿ ತೊಳೆದು ಕಲ್ಲಿನ ಹಿಟ್ಟಿಗೆ ಬೆರೆಸುತ್ತಿದ್ದರು. ಅಲ್ಲಿದ್ದ ದ'ಆಂತ್ರಕೋಲ್ ಎಂಬ ಫ್ರೆಂಚ್ ಪಾದ್ರಿ 1712ರಲ್ಲೂ 1722ರಲ್ಲೂ ತನ್ನ ದೇಶಕ್ಕೆ ಬರೆದ ಪತ್ರಗಳಲ್ಲಿ ಅಲ್ಲಿನ ಪಿಂಗಾಣಿಯ ಗುಟ್ಟನ್ನೆಲ್ಲಾ ವಿವರವಾಗಿ ಬಿಚ್ಚಿಟ್ಟ. ನಮ್ಮ ಮಲೆನಾಡಿನ ಧರೆಯ ಅಂಚಿನಲ್ಲಿ ಯಾರೂ ಕೇಳದೆ ಬೆಳೆಯುವ ಜರೀಗಿಡದ ಸೋದರವೇ ಅದು!

ಇಷ್ಟೆಲ್ಲಾ ಗಂಡಸರ ಕಥೆ ಆಯಿತು ಅಂತೀರಾ? ಯಾವ ಗಿಡದ ಬೂದಿ ಎಂಥ ಮೆರುಗು ಕೊಡುತ್ತದೆ ಎಂದು ಒಂದೊಂದನ್ನೇ ಸುಟ್ಟು, ಬಳಿದು, ಬರೆದಿಟ್ಟವರಲ್ಲಿ ದೊಡ್ಡ ಹೆಸರು ಒಬ್ಬ ಹೆಂಗಸಿನದು. ಇಂಗ್ಲೆಂಡಿನ ಕ್ಯಾಥರಿನ್ ಪ್ಲೆಡೆಲ್-ಬೂವರಿ. ಹುಟ್ಟಿದ್ದು 1895ರಲ್ಲಿ, ದೊಡ್ಡ ಜಮೀನ್ದಾರರ ಮನೆಯಲ್ಲಿ. 1924ರಲ್ಲಿ ಬರ್ನಾರ್ಡ್ ಲೀಚ್ ಎಂಬ ಹೆಸರಾಂತ ಕುಂಬಾರನ ಹತ್ತಿರ ಕಲಿಯಲು ಹೋದಳು. ಮಾರನೆಯ ವರ್ಷವೇ ಕೋಲ್ಸ್‌ಹಿಲ್‌ನಲ್ಲಿದ್ದ ತಮ್ಮ ಮನೆತನದ ಎಸ್ಟೇಟಿನಲ್ಲಿ ಸೌದೆಯ ಆವಿಗೆ ಕಟ್ಟಿಸಿದಳು. 1928ರಲ್ಲಿ ನೋರಾ ಬ್ರೇಡನ್ ಎಂಬ ಗೆಳತಿಯೂ ಬಂದು ಸೇರಿಕೊಂಡಳು. ತೋಟದ ಮರ, ಬೇಲಿಯ ಪೊದೆ, ಹುಲ್ಲು, ಜೊಂಡು, ಏನು ಸಿಕ್ಕರೂ ಬೇರೆಬೇರೆಯಾಗಿ ಸುಟ್ಟು ಪರೀಕ್ಷೆ ಮಾಡಿದರು. ಒಂದು ಗಿಡದ ಬೂದಿ ಬೂದುಬಣ್ಣದ ಮೆರುಗು ಕೊಟ್ಟರೆ ಇನ್ನೊಂದರದು ಹಸಿರು, ಮತ್ತೊಂದರದು ಹಾಲಿನ ಹಾಗೆ ಮಸುಕು. ಎಲ್ಲವನ್ನೂ ಲೆಕ್ಕದ ಪುಸ್ತಕದಂತೆ ಬರೆದಿಟ್ಟರು. ಕ್ಯಾಥರಿನ್ ತೀರಿಕೊಂಡದ್ದು 1985ರಲ್ಲಿ, 90ರ ಹತ್ತಿರದ ವಯಸ್ಸಿನಲ್ಲಿ. ಬೂದಿಯ ಮೆರುಗು ಮಾಡುವ ಕುಂಬಾರರು ಇಂದಿಗೂ ಅವಳ ಹೆಸರು ಹೇಳುತ್ತಾರೆ.

ಅವಳ ಕೆಲಸದಿಂದ ನಮಗೂ ತಿಳಿಯುವುದೇನೆಂದರೆ ಬೂದಿಯೆಲ್ಲಾ ಒಂದೇ ಅಲ್ಲ. ಇದು ನಮ್ಮ ಅಜ್ಜಿಯಂದಿರಿಗೂ ಗೊತ್ತಿದ್ದ ಸಂಗತಿ. ಪಾತ್ರೆ ತಿಕ್ಕಲು ಒಂದು ಬೂದಿ, ಬಟ್ಟೆ ಒಗೆಯಲು ಇನ್ನೊಂದು ಎಂದು ಅವರು ಆರಿಸುತ್ತಿರಲಿಲ್ಲವೇ? ಗಟ್ಟಿ ಸೌದೆಯ ಬೂದಿಯಲ್ಲಿ ಸುಣ್ಣ ಜಾಸ್ತಿ, ಆದ್ದರಿಂದ ಅದು ಬೇಗ ಕರಗಿಸುತ್ತದೆ. ಭತ್ತದ ಹೊಟ್ಟಿನ ಬೂದಿ ಇದಕ್ಕೆ ತದ್ವಿರುದ್ಧ. 100 ಕಿಲೋ ಹೊಟ್ಟು ಸುಟ್ಟರೆ ಸುಮಾರು 20 ಕಿಲೋ ಬೂದಿ, ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ಸಿಲಿಕಾ! ಉಮಿಯ ಮಸಿಯಲ್ಲಿ ಹಲ್ಲುಜ್ಜಿದರೆ ಹಲ್ಲು ಫಳಫಳ ಅನ್ನುತ್ತಿತ್ತು, ಜೊತೆಗೆ ಸವೆಯುತ್ತಲೂ ಇತ್ತು, ಅದಕ್ಕೆ ಇದೇ ಕಾರಣ. ಹೊಟ್ಟಿನ ಬೂದಿ ತಾನಾಗಿ ಕರಗುವುದಿಲ್ಲ. ಸೌದೆ ಬೂದಿಯ ಜೊತೆ ಸೇರಿಸಿದರೆ ಹಾಲುಬಿಳುಪಿನ ಮೆರುಗು ಬರುತ್ತದೆ. ಜಪಾನಿನವರು ಅದನ್ನು 'ನುಕಾ' ಅನ್ನುತ್ತಾರೆ. ಬಾಳೆಯ ಬೂದಿಯಲ್ಲಿ ಪೊಟ್ಯಾಶಿಯಮ್ ಕ್ಷಾರ ಬಹಳ. ಅಸ್ಸಾಮಿನವರು ಬಾಳೆಹಣ್ಣಿನ ಸಿಪ್ಪೆ ಸುಟ್ಟ ಬೂದಿಯಿಂದ ನೀರು ಬಸಿದು ಅಡುಗೆಗೇ ಹಾಕುತ್ತಾರೆ, 'ಖಾರ್' ಎಂದು ಅದಕ್ಕೆ ಹೆಸರು. ನಾವು ಹಪ್ಪಳದ ಹಿಟ್ಟಿಗೆ ಖಾರ ಹಾಕುವುದಿಲ್ಲವೇ, ಆ ಜಾತಿಯ ಕ್ಷಾರವೇ ಇದೂ.

ಒಂದೇ ಮರವಾದರೂ ಕೆಮ್ಮಣ್ಣಿನಲ್ಲಿ ಬೆಳೆದದ್ದಕ್ಕೂ ಕಪ್ಪುಮಣ್ಣಿನಲ್ಲಿ ಬೆಳೆದದ್ದಕ್ಕೂ ಬೂದಿ ಬೇರೆ. ತೊಗಟೆಯದೇ ಬೇರೆ, ಒಳತಿರುಳಿನದೇ ಬೇರೆ. ಬೂದಿ ಮೆರುಗಿಗೆ ಕಣ್ಣುಮುಚ್ಚಿ ನಂಬುವ ಅಳತೆ ಇಲ್ಲ ಅನ್ನುವುದು ಇದಕ್ಕೇ.

ಈಗ ಕ್ರಮ ಹೇಳುತ್ತೇನೆ. ಕುಂಬಾರಿಕೆ ಕಲಿಯುವ ಆಸೆ ಇರುವವರಿಗೆ, ಹೆಣ್ಣುಮಕ್ಕಳನ್ನು ಕಲಿಯಲು ಕಳುಹಿಸುವವರಿಗೆ ಇದು ಉಪಯೋಗಕ್ಕೆ ಬಂದೀತು.

ಒಂದೇ ಜಾತಿಯ ಸೌದೆಯನ್ನು ಗುಡಿಸಿದ ಒಲೆಯಲ್ಲಿ ಪೂರ್ತಿ ಬೆಳ್ಳಗಾಗುವವರೆಗೆ ಉರಿಸಿ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಗೆದ್ದಲಿನ ಔಷಧಿ ಹೊಡೆದ ಮರ, ಪ್ಲಾಸ್ಟಿಕ್ಕು, ಇವು ಯಾವುದೂ ಬೇಡ. ಅವುಗಳಲ್ಲಿನ ಸೀಸ, ಪಾಷಾಣದಂಥ ವಿಷಗಳು ಬೂದಿಯಲ್ಲೇ ಉಳಿಯುತ್ತವೆ. ಒಂದು ದಿನ ಪೂರ್ತಿ ಆರಲು ಬಿಡಿ; ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಇರುವುದು ಬೂದಿಯ ಸ್ವಭಾವ. ಆರಿದ ಮೇಲೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಜರಡಿ ಹಿಡಿಯಿರಿ, ಇದ್ದಿಲು ಮೊಳೆ ಎಲ್ಲಾ ಮೇಲೆ ನಿಲ್ಲುತ್ತದೆ. ಜರಡಿಯಾದದ್ದನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ ಐದರಷ್ಟು ನೀರು ಹೊಯ್ದು ಕೋಲಿನಿಂದ ತಿರುವಿ. ಅಲ್ಯುಮಿನಿಯಮ್ ಪಾತ್ರೆ ಮಾತ್ರ ಬೇಡವೇ ಬೇಡ, ಬೂದಿನೀರು ಅದನ್ನು ತಿಂದುಹಾಕುತ್ತದೆ. ಕೈ ಹಾಕಿಯೂ ಕಲಸಬೇಡಿ. ಸೋಪಿನ ಹಾಗೆ ಜಾರುವ ಆ ನೀರು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ. ರಬ್ಬರಿನ ಕೈಚೀಲ ಇರಲಿ, ಮಕ್ಕಳು ಹತ್ತಿರ ಸುಳಿಯದಿರಲಿ.

ತೇಲಿದ ಮಸಿ ತೆಗೆದು, ತೆಳು ಬಟ್ಟೆಯಲ್ಲೋ ಸಣ್ಣ ಕಣ್ಣಿನ ಜರಡಿಯಲ್ಲೋ ಸೋಸಿ, ರಾತ್ರಿಯೆಲ್ಲಾ ಇಟ್ಟರೆ ಬೂದಿ ತಳಕ್ಕೆ ಇಳಿದು ಹಳದಿ ತಿಳಿ ಮೇಲೆ ನಿಲ್ಲುತ್ತದೆ. ಅದನ್ನು ಬಸಿದು ಹೊಸ ನೀರು ಹಾಕಿ. ಹೀಗೆ ಎರಡು ಮೂರು ಸಲ. ತೊಳೆದಷ್ಟೂ ಕ್ಷಾರ ಹೋಗುತ್ತದೆ, ಆದ್ದರಿಂದ ಮೆರುಗು ಕರಗುವುದು ಸ್ವಲ್ಪ ನಿಧಾನವಾಗುತ್ತದೆ. ತೊಳೆಯದೆಯೇ ಬಳಸುವ ಕುಂಬಾರರೂ ಇದ್ದಾರೆ. ಹೊಸಬರು ತೊಳೆಯುವುದೇ ಲೇಸು, ಕೈಯೂ ಉಳಿಯುತ್ತದೆ. ಕೊನೆಯಲ್ಲಿ ತಳದ ಕೆಸರನ್ನು ಬಟ್ಟೆಯ ಮೇಲೆ ಹರವಿ ಒಣಗಿಸಿ, ಸಂಡಿಗೆ ಒಣಗಿಸಿದ ಹಾಗೆ.

ಬೆರೆಸುವ ಅಳತೆ ತೂಕದಲ್ಲಿ: ತೊಳೆದ ಬೂದಿ 2 ಭಾಗ, ಫೆಲ್ಡ್‌ಸ್ಪಾರ್ ಎಂಬ ಕಲ್ಲಿನ ಪುಡಿ 2 ಭಾಗ, ಬಿಳಿ ಜೇಡಿಮಣ್ಣು 1 ಭಾಗ. ಅಂದರೆ 400 ಗ್ರಾಂ, 400 ಗ್ರಾಂ, 200 ಗ್ರಾಂ. ಫೆಲ್ಡ್‌ಸ್ಪಾರ್ ಕುಂಬಾರಿಕೆಯ ಸಾಮಾನು ಮಾರುವವರಲ್ಲಿ ಸಿಗುತ್ತದೆ, ಅದರ ಧೂಳೂ ಎದೆಗೆ ಒಳ್ಳೆಯದಲ್ಲ. ಸುಮಾರು 1 ಲೀಟರು ನೀರಿನಲ್ಲಿ ಕದಡಿ, ಸೋಸಿದರೆ ನೀರುದೋಸೆ ಹಿಟ್ಟಿಗಿಂತ ತುಸು ಮಂದವಾಗಿ ಇರಬೇಕು. ಒಂದು ಸಲ 900ರಿಂದ 1,000 ಡಿಗ್ರಿಯಲ್ಲಿ ಸುಟ್ಟ ಪಾತ್ರೆಯನ್ನು ಇದರಲ್ಲಿ ಎಣಿಸಿ ಮೂರು ನಾಲ್ಕು ಸೆಕೆಂಡು ಅದ್ದಿ ತೆಗೆದರೆ ಸಾಕು. ಅಡಿಗೆ ಅಂಟಿದ್ದನ್ನು ಒದ್ದೆ ಬಟ್ಟೆಯಿಂದ ಪೂರಾ ಒರೆಸಬೇಕು, ಇಲ್ಲದಿದ್ದರೆ ಕರಗಿದಾಗ ಪಾತ್ರೆಯೂ ಆವಿಗೆಯ ಹಲಗೆಯೂ ಒಂದೇ ಆಗಿಬಿಡುತ್ತವೆ! ಜಾಡಿಯ ಅಡಿಯಲ್ಲಿ ಒರಟು ಬಳೆಯೊಂದು ಮೆರುಗಿಲ್ಲದೆ ಉಳಿದಿರುತ್ತದಲ್ಲ, ಅದು ಇದಕ್ಕೇ.

ಆಮೇಲೆ ಎರಡನೇ ಸುಡುವಿಕೆ. ಇಲ್ಲಿದೆ ನೋಡಿ ಕಷ್ಟ. ಇದಕ್ಕೆ ಬೇಕಾದದ್ದು 1,250ರಿಂದ 1,280 ಡಿಗ್ರಿ. ಆವಿಗೆಯೊಳಗೆ ಗಾಳಿ ಧಾರಾಳವಾಗಿ ಆಡಿದರೆ ಬೂದಿಯಲ್ಲಿರುವ ಕಬ್ಬಿಣದಿಂದ ಹುಲ್ಲಿನ ಹಳದಿಯೋ ಕಂದೋ ಬರುತ್ತದೆ, ಗಾಳಿ ಕಟ್ಟಿಹಾಕಿ ಹೊಗೆಯಲ್ಲಿ ಬೇಯಿಸಿದರೆ ಅದೇ ಕಬ್ಬಿಣ ಎಳೆ ಹಸಿರಾಗುತ್ತದೆ.

ನಮ್ಮ ಊರಿನ ಕುಂಬಾರರ ಆವಿಗೆ ಏರುವುದು 700ರಿಂದ 900 ಡಿಗ್ರಿಯವರೆಗೆ. ಆ ಶಾಖದಲ್ಲಿ ಬೂದಿ ಕರಗುವುದಿಲ್ಲ, ಬೂದಿಯಾಗಿಯೇ ಉದುರುತ್ತದೆ. ಹಟಕ್ಕೆ ಬಿದ್ದು 1,250ಕ್ಕೆ ಏರಿಸಿದರೆ ಕೆರೆಮಣ್ಣಿನ ಗಡಿಗೆ ತಾನೇ ಮೆತ್ತಗಾಗಿ ಕುಸಿದು ಮುದ್ದೆಯಾಗುತ್ತದೆ. ಅಷ್ಟು ಬೆಂಕಿ ತಡೆಯುವ ಮಣ್ಣೇ ಬೇರೆ, ಜಾಡಿಯ ಮಣ್ಣು ಅದು. ಇದರಿಂದ ನಮ್ಮ ಕುಂಬಾರರ ಕೆಲಸ ಕಡಿಮೆಯದು ಎಂದು ಯಾರೂ ತಿಳಿಯಬೇಡಿ. ನೀರಿನ ಹೂಜಿಗೆ ಮೆರುಗು ಹಚ್ಚಿದರೆ ನೀರು ಜಿನುಗುವುದಿಲ್ಲ, ಜಿನುಗದಿದ್ದರೆ ತಣ್ಣಗಾಗುವುದೂ ಇಲ್ಲ. ಮೊಸರು ಹೆಪ್ಪಾಗುವ ಕುಡಿಕೆ ಹೆಚ್ಚಿನ ನೀರು ಹೀರಿಕೊಳ್ಳುವುದರಿಂದಲೇ ಮೊಸರು ಗಟ್ಟಿ. ಅವಕ್ಕೆ ಕಾವಿ ಬಳಿದು, ನುಣುಪುಕಲ್ಲಿನಿಂದ ತೀಡಿ ಕೊಡುವ ಹೊಳಪೇ ಸಾಕು, ಚೆಂದ.

ಇಲ್ಲಿಗೆ ಒಂದು ಪ್ರಶ್ನೆ ಏಳಬೇಕು. ಕಡಿಮೆ ಶಾಖದಲ್ಲಿ ಸುಟ್ಟ ಮಣ್ಣಿಗೆ ಮೆರುಗೇ ಹಿಡಿಯುವುದಿಲ್ಲ ಅನ್ನುವುದಾದರೆ, ಜಾತ್ರೆಯಲ್ಲೂ ರಸ್ತೆ ಬದಿಯಲ್ಲೂ ಕೆಂಪು ಮಣ್ಣಿನ ಬಟ್ಟಲುಗಳು ಹಳದಿ, ಕಿತ್ತಳೆ, ಪಾಚಿಹಸಿರು ಬಣ್ಣಗಳಲ್ಲಿ ಕನ್ನಡಿಯ ಹಾಗೆ ಹೊಳೆಯುವುದು ಹೇಗೆ? ಕಡಿಮೆ ಬೆಂಕಿಯಲ್ಲೇ ಗಾಜು ಕರಗಿಸುವ ಬೇರೆ ಪದಾರ್ಥಗಳಿವೆ. ಒಂದು ಬಿಳಿಗಾರ. ಅದರಿಂದ ಸರಿಯಾಗಿ ಮಾಡಿದ ಮೆರುಗಿನಿಂದ ತೊಂದರೆಯಿಲ್ಲ. ಇನ್ನೊಂದು ಸೀಸ. ಸೀಸ ಹಾಕಿದರೆ ಮೆರುಗು ಸುಲಭವಾಗಿ ಕರಗುತ್ತದೆ, ನುಣುಪಾಗುತ್ತದೆ, ಬಣ್ಣ ಎದ್ದು ಕಾಣುತ್ತದೆ. ಹಿಂದಿನಿಂದಲೂ ಅನೇಕ ದೇಶಗಳಲ್ಲಿ ಇದು ನಡೆದು ಬಂದದ್ದೇ. ಆದರೆ ಹದ ತಪ್ಪಿದ, ಸರಿಯಾಗಿ ಬೇಯದ ಸೀಸದ ಮೆರುಗಿನ ಮೇಲೆ ಹುಣಿಸೆಹಣ್ಣು, ನಿಂಬೆರಸ, ಮಾವಿನಕಾಯಿ, ಮೊಸರು, ವಿನೆಗರ್ ಏನು ಬಿದ್ದರೂ ಹುಳಿ ಆ ಸೀಸವನ್ನು ಬಿಡಿಸಿಕೊಳ್ಳುತ್ತದೆ. ರುಚಿಯಲ್ಲಿ ಗೊತ್ತಾಗದು, ವಾಸನೆಯಲ್ಲಿ ಗೊತ್ತಾಗದು. ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ, ಬಸುರಿಯರಿಗೂ ಹೊಟ್ಟೆಯೊಳಗಿನ ಮಗುವಿಗೂ ಕೇಡು. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಅಳತೆಯೇ ಸೀಸಕ್ಕೆ ಇಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ವರ್ಷ ಜಾಡಿಯಲ್ಲಿ ಕೂರುವ ಉಪ್ಪಿನಕಾಯಿಗಿಂತ ಸೀಸಕ್ಕೆ ಒಳ್ಳೆಯ ಅವಕಾಶ ಬೇರೆ ಬೇಕೇ?

ಆದ್ದರಿಂದ ಕೊಳ್ಳುವಾಗ ಹೀಗೆ ನೋಡಿ. ಮೆರುಗಿಲ್ಲದ ಅಡಿಭಾಗಕ್ಕೆ ಎರಡು ಹನಿ ನೀರು ಹಾಕಿ. ಕೂಡಲೇ ಇಂಗಿ ಕಲೆಯಾದರೆ ಅದು ಕಡಿಮೆ ಬೆಂಕಿಯಲ್ಲಿ ಸುಟ್ಟದ್ದು. ಹನಿಯಾಗಿಯೇ ನಿಂತರೆ ಗಟ್ಟಿ ಬೆಂದ ಜಾಡಿ. ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಜಾಡಿ ಕಂಚಿನ ಹಾಗೆ ಠಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಡಬ್ ಅನ್ನುತ್ತದೆ. ಒಳಗೆ ಕೂದಲೆಳೆಯಂಥ ಸೀಳುಗಳಿದ್ದರೆ, ಮೆರುಗು ಎದ್ದಿದ್ದರೆ ಬೇಡ. ಒಳಮೈಗೆ ಗಾಢ ಬಣ್ಣ, ಚಿತ್ತಾರ ಇರುವುದನ್ನು ಗೊಂಬೆ ಕೂರಿಸುವ ಹಲಗೆಯ ಮೇಲೆ ಇಡಿ, ಹೂವು ಸಿಗಿಸಿ, ತಿನ್ನುವ ಪದಾರ್ಥ ಹಾಕಬೇಡಿ.

ಮನೆಗೆ ತಂದ ಮೇಲೆ ಒಳಗೆ ನಿಂಬೆಯ ಹೋಳು ಇಟ್ಟು ಒಂದು ರಾತ್ರಿ ಬಿಡಿ. ಬೆಳಗ್ಗೆ ತೊಳೆದು ಬೆಳಕಿಗೆ ಹಿಡಿದಾಗ ಆ ಜಾಗ ಮಂಕಾಗಿದ್ದರೆ, ಬಣ್ಣ ಬದಲಾಗಿದ್ದರೆ ಮೆರುಗು ಹುಳಿಗೆ ಸೋತಿದೆ ಎಂದರ್ಥ. ಬೂದಿ ಮೆರುಗಿಗೂ ಕುಂಬಾರರು ಇದೇ ಪರೀಕ್ಷೆ ಮಾಡುತ್ತಾರೆ, ಏಕೆಂದರೆ ಸುಣ್ಣ ಅತಿಯಾದ ಬೂದಿ ಮೆರುಗೂ ಹುಳಿಗೆ ಕರಗುವುದುಂಟು. ಆದರೆ ನಿಂಬೆಹೋಳು ಗೆದ್ದಿತು ಎಂದ ಮಾತ್ರಕ್ಕೆ ಸೀಸ ಇಲ್ಲವೆಂದಲ್ಲ, ಅದನ್ನು ಪ್ರಯೋಗಶಾಲೆಯವರೇ ಹೇಳಬೇಕು. ಅನುಮಾನ ಬಂದರೆ ಗಾಜಿನ ಭರಣಿ ಇದೆಯಲ್ಲ, ಅದಕ್ಕೆ ಹಾಕಿ.

ಕಲಿಯುವವರಿಗೆ ದಾರಿ ಇಲ್ಲದೆ ಇಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ಮಣ್ಣಿಗೂ ಕುಂಬಾರಿಕೆಗೂ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಅಲ್ಲಿದೆ. ಸೌದೆಯ ಆವಿಗೆಯಲ್ಲಿ ಗಟ್ಟಿ ಪಾತ್ರೆ ಸುಡುವ ವಿದ್ಯೆ ದಕ್ಷಿಣದಲ್ಲಿ ಹರಡಿದ್ದು ಹೆಚ್ಚಾಗಿ ಪಾಂಡಿಚೇರಿಯಿಂದ. ರೇ ಮೀಕರ್ ಮತ್ತು ಜಪಾನಿನಲ್ಲಿ ಕಲಿತು ಬಂದ ಡೆಬೊರಾ ಸ್ಮಿತ್ 1971ರಲ್ಲಿ ಅಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಎಂಬ ಕಾರ್ಯಾಗಾರ ಶುರುಮಾಡಿದರು, ಅಲ್ಲಿ ಕಲಿತವರು ಈಗ ದೇಶದ ನಾನಾ ಕಡೆ ಆವಿಗೆ ಹಾಕಿಕೊಂಡಿದ್ದಾರೆ, ಅವರಲ್ಲಿ ಹೆಣ್ಣುಮಕ್ಕಳೂ ಬಹಳ. ಇಂಥವರು ನಿಮ್ಮ ಹತ್ತಿರದ ಪಟ್ಟಣದಲ್ಲಿದ್ದರೆ ನಿಮ್ಮ ಬೂದಿಯನ್ನು ಬೇಡ ಅನ್ನಲಾರರು. ಗ್ಯಾಸಿನ ಒಲೆ ಬಂದ ಮೇಲೆ ಪಟ್ಟಣದವರಿಗೆ ಒಳ್ಳೆಯ ಬೂದಿಯೇ ಸಿಗುತ್ತಿಲ್ಲ ನೋಡಿ. ಒಂದು ಚಿಕ್ಕ ಬಿಲ್ಲೆಯ ಮೇಲೆ ಬಳಿದು ಅವರ ಆವಿಗೆಯ ಮೂಲೆಯಲ್ಲಿಟ್ಟು ಸುಟ್ಟುಕೊಡಿ ಎಂದು ಕೇಳಿದರೆ ನಿಮ್ಮ ಹಿತ್ತಿಲಿನ ಹಲಸಿನ ಮೆರುಗು ಯಾವ ಬಣ್ಣ ಅನ್ನುವುದು ಗೊತ್ತಾದೀತು.

ಅದಕ್ಕೆ ಬೂದಿ ಕೂಡಿಡುವುದಾದರೆ ಹಲಸು, ಮಾವು, ತೆಂಗಿನ ಮಟ್ಟೆ, ಹೊಟ್ಟು ಎಲ್ಲವನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ, ತೇವ ತಾಗಿದರೆ ಗಂಟು ಕಟ್ಟುತ್ತದೆ. ಬಸಿದ ಬೂದಿನೀರನ್ನು ಗಿಡದ ಬುಡಕ್ಕೆ ಹಾಗೇ ಸುರಿಯಬೇಡಿ. ಹತ್ತರಷ್ಟು ನೀರು ಬೆರೆಸಿ ತೆಂಗಿಗೋ ಬಾಳೆಗೋ ಹಾಕಬಹುದು. ಡಬ್ಬಿಯ ಮೇಲೆ ಮರದ ಹೆಸರು, ಸುಟ್ಟ ತಿಂಗಳು ಬರೆದು ಅಂಟಿಸಿ. ಪೆನ್ಸಿಲಿನಲ್ಲೇ ಬರೆಯಿರಿ, ಶಾಯಿ ಮಳೆಗಾಲದ ಥಂಡಿಗೆ ಕದಡಿಹೋಗುತ್ತದೆ.